ಇಥಾಕದ ಹೊಸ್ತಿಲಲ್ಲಿ

ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಕಟ್ಟಡಗಳ ಮಹಾನಗರ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಅದೇ ಹೆಸರಿನ ರಾಜ್ಯದ ಒಳನಾಡು ಬೇರೆಯೇ ಒಂದು ಪ್ರಪಂಚ. ಮಹಾನಗರವನ್ನು ಬಿಟ್ಟು ವಾಯವ್ಯದ ಕಡೆಗೆ ಬಸ್ಸಿನಲ್ಲಿ ನಾಲ್ಕೈದು ಗಂಟೆ ಸಾಗಿದರೆ ಜನಸಂದಣಿ ಕರಗಿ, ಗುಡ್ಡಗಳೂ ಹುಲ್ಲುಗಾವಲುಗಳೂ ಕಾಣತೊಡಗುತ್ತವೆ. ದಾರಿ ಇಳಿಜಾರಿಗೆ ತಿರುಗಿದಾಗ ಉದ್ದನೆಯ ಸರೋವರವೊಂದರ ತುದಿ, ಅದರ ದಂಡೆಯಲ್ಲಿ ಒಂದು ಪುಟ್ಟ ಊರು, ಊರಿನ ಮೂಡಣ ಗುಡ್ಡದ ಮೇಲೆ ಒಂದು ಗಡಿಯಾರದ ಗೋಪುರ ಎದುರಾಗುತ್ತವೆ. ಅದೇ ಇಥಾಕ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 32,000.

ಇಷ್ಟು ಚಿಕ್ಕ ಊರಿನ ಹೆಸರನ್ನು ಜಗತ್ತಿನ ಮೂಲೆಮೂಲೆಯ ಹದಿನೇಳು ವರ್ಷದ ಮಕ್ಕಳು ಮನಸ್ಸಿನಲ್ಲೇ ಜಪಿಸುವುದುಂಟು. ಅದಕ್ಕೆ ಕಾರಣ ಗುಡ್ಡದ ಮೇಲಿನ ಕಾರ್ನೆಲ್ ವಿಶ್ವವಿದ್ಯಾನಿಲಯ. ಅಲ್ಲಿ ಸೇರಿ ಕೀರ್ತಿ ಪಡೆದವರ ಕಥೆಯನ್ನು ಹೇಳುವವರು ಬಹಳ ಮಂದಿ. ಸೇರಬೇಕೆಂದು ಹಂಬಲಿಸಿ, ‘ಹೌದು’ ಎಂಬ ಉತ್ತರವೂ ಬಾರದೆ, ‘ಇಲ್ಲ’ ಎಂಬ ಉತ್ತರವೂ ಬಾರದೆ ಹೊಸ್ತಿಲಲ್ಲಿ ನಿಂತವರ ಕಣ್ಣಿನಿಂದ ಈ ಊರನ್ನು ಕಂಡವರು ಕಡಮೆ. ಪ್ರತಿ ವರ್ಷ ಡಿಸೆಂಬರ್ ತಿಂಗಳಲ್ಲಿ ಅಂಥ ಕಣ್ಣುಗಳು ಎಷ್ಟೋ ಮನೆಗಳಲ್ಲಿ ತೇವಗೊಳ್ಳುತ್ತವೆ.

ಬೆರಳಿನಂಥ ಸರೋವರಗಳು

ಇಥಾಕದ ಬಡಗಣ ದಿಕ್ಕಿಗೆ ಚಾಚಿಕೊಂಡಿರುವ ಕಯೂಗ ಸರೋವರ ಸುಮಾರು 61 ಕಿಲೋಮೀಟರ್ ಉದ್ದವಾದರೂ ಅಗಲದಲ್ಲಿ ಬಹು ಕಿರಿದು. ಅತಿ ಆಳದ ಜಾಗದಲ್ಲಿ 435 ಅಡಿ ನೀರು. ಇಂಥ ಹನ್ನೊಂದು ಸರೋವರಗಳು ಆ ಸೀಮೆಯಲ್ಲಿ ಸಾಲುಗಟ್ಟಿ ಮಲಗಿವೆ. ನಕ್ಷೆಯಲ್ಲಿ ಕೈಬೆರಳುಗಳಂತೆ ಕಾಣುವುದರಿಂದ ಅವಕ್ಕೆ ಬೆರಳು ಸರೋವರಗಳೆಂದೇ ಹೆಸರು. ಹಿಂದಿನ ಹಿಮಯುಗದಲ್ಲಿ ಬೃಹತ್ತಾದ ಹಿಮರಾಶಿಗಳು ಮೆಲ್ಲಮೆಲ್ಲನೆ ಸರಿಯುತ್ತ ನೆಲವನ್ನು ಅಗೆದು ಈ ಕಣಿವೆಗಳನ್ನು ಆಳವಾಗಿಸಿದವು. ಮಂಜು ಕರಗಿ ಹಿಂದೆ ಸರಿದ ಮೇಲೆ, ಅಕ್ಕಪಕ್ಕದ ಹಳ್ಳಗಳು ಎತ್ತರದಿಂದ ಸರೋವರಕ್ಕೆ ಧುಮುಕುತ್ತ ಪದರಗಲ್ಲನ್ನು ಸಾವಿರಾರು ವರ್ಷ ಕೊರೆದು ಕಂದರಗಳನ್ನು ನಿರ್ಮಿಸಿದವು. ಊರಿನೊಳಗೇ 150 ಅಡಿ ಎತ್ತರದ ಇಥಾಕ ಜಲಪಾತವಿದೆ. ಸರೋವರದ ಪಡುದಂಡೆಯಲ್ಲಿ ತುಸು ದೂರ ಹೋದರೆ ಟಗ್ಯಾನಕ್ ಜಲಪಾತ 215 ಅಡಿ ಒಂದೇ ನೆಗೆತಕ್ಕೆ ಇಳಿಯುತ್ತದೆ. ಜೋಗವನ್ನು ಕಂಡ ಕನ್ನಡಿಗನಿಗೆ ಈ ಎತ್ತರ ದೊಡ್ಡದೆನಿಸದಿರಬಹುದು; ಆದರೂ ಜಗತ್ಪ್ರಸಿದ್ಧವಾದ ನಯಾಗರಕ್ಕಿಂತ ಇದು ಎತ್ತರವೆಂಬುದು ಆ ಸೀಮೆಯವರ ಅಭಿಮಾನದ ಮಾತು.

ಈ ನೆಲದ ಮೂಲ ಒಡೆಯರು ಕಯೂಗ ಜನ. ಹಾಡೆನೊಶೋನಿ ಎಂಬ ಒಕ್ಕೂಟದಲ್ಲಿ ಅವರದೂ ಒಂದು ಕುಲ. 1779ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, ಜಾರ್ಜ್ ವಾಷಿಂಗ್ಟನ್ನರ ಆಜ್ಞೆಯಂತೆ ಬಂದ ಸೈನ್ಯ ಅವರ ಹಳ್ಳಿಗಳನ್ನೂ ಫಸಲನ್ನೂ ಸುಟ್ಟುಹಾಕಿತು. ಯುದ್ಧ ಮುಗಿದ ಮೇಲೆ ಆ ಜಮೀನನ್ನು ಹಂಚುವಾಗ ಹೊಸ ಊರುಗಳಿಗೆ ಗ್ರೀಸ್ ಮತ್ತು ರೋಮಿನ ಪುರಾತನ ಹೆಸರುಗಳನ್ನು ಇಟ್ಟರು. ಹೋಮರ್, ವರ್ಜಿಲ್, ಓವಿಡ್, ರೋಮುಲಸ್ ಎಂಬ ಊರುಗಳೆಲ್ಲ ಇಂದಿಗೂ ಅಲ್ಲಿವೆ. ಯುಲಿಸೀಸ್ ಎಂಬ ಹೆಸರಿನ ಪ್ರದೇಶದೊಳಗೆ ಬಿದ್ದ ಈ ಹಳ್ಳಿಗೆ ಭೂಮಾಪನ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಸಿಮಿಯನ್ ಡಿವಿಟ್ ಎಂಬುವರು ಇಥಾಕ ಎಂದು ಹೆಸರಿಟ್ಟರು. ಹೋಮರ್ ಮಹಾಕವಿಯ ಕಥಾನಾಯಕನಾದ ಯುಲಿಸೀಸನ ಸ್ವಂತ ದ್ವೀಪದ ಹೆಸರೇ ಇಥಾಕ. ಹತ್ತು ವರ್ಷ ಯುದ್ಧಮಾಡಿ, ಇನ್ನು ಹತ್ತು ವರ್ಷ ಕಡಲಿನಲ್ಲಿ ಅಲೆದು ಆ ವೀರ ಸೇರಿದ ಮನೆ ಅದು. ತಡವಾಗಿ ತಲುಪುವ ಊರಿನ ಹೆಸರು ಈ ಊರಿಗೆ ಬಂದುದು ಕೇವಲ ಆಕಸ್ಮಿಕ; ಆದರೆ ಡಿಸೆಂಬರ್ ತಿಂಗಳಲ್ಲಿ ಅದರ ಅರ್ಥ ತಾನಾಗಿ ಹೊಳೆಯುತ್ತದೆ.

ಗುಡ್ಡದ ಮೇಲಿನ ವಿದ್ಯಾಪೀಠ

ಊರಿನಿಂದ ವಿಶ್ವವಿದ್ಯಾನಿಲಯಕ್ಕೆ ಕಡಿದಾದ ಏರು. ವಿದ್ಯಾಪೀಠದ ಒಂದು ಬದಿಗೆ ಫಾಲ್ ಕ್ರೀಕ್, ಇನ್ನೊಂದು ಬದಿಗೆ ಕ್ಯಾಸ್ಕಡಿಲ್ಲ ಎಂಬ ಹಳ್ಳ. ಎರಡೂ ಆಳವಾದ ಕಂದರಗಳಲ್ಲಿ ಹರಿಯುತ್ತವೆ. ಫಾಲ್ ಕ್ರೀಕಿನ ಮೇಲೊಂದು ತೂಗುಸೇತುವೆಯಿದೆ. ಹೆಜ್ಜೆಯಿಟ್ಟರೆ ತುಸು ಅಲುಗುವ ಆ ಸೇತುವೆಯ ನಡುವೆ ನಿಂತರೆ ಕೆಳಗೆ ಹಳ್ಳದ ನೀರು ಕಲ್ಲಿನಿಂದ ಕಲ್ಲಿಗೆ ಹಾರುವುದು ಕಾಣುತ್ತದೆ. ಮ್ಯಾಕ್‌ಗ್ರಾ ಗೋಪುರದ 161 ಮೆಟ್ಟಿಲುಗಳನ್ನು ಹತ್ತಿದವನಿಗೆ ಇಡೀ ಕಣಿವೆ ಕಣ್ತುಂಬುತ್ತದೆ. ಗೋಪುರದಲ್ಲಿ ಇಪ್ಪತ್ತೊಂದು ಗಂಟೆಗಳಿವೆ. ಅವುಗಳ ಸಂಗೀತವನ್ನು ಯಂತ್ರ ನುಡಿಸುವುದಿಲ್ಲ. ವಿದ್ಯಾರ್ಥಿಗಳೇ ಅಭ್ಯಾಸಮಾಡಿ, ಪರೀಕ್ಷೆಯಲ್ಲಿ ಗೆದ್ದು, ಸರದಿಯಂತೆ ಹತ್ತಿ ಹೋಗಿ ನುಡಿಸುತ್ತಾರೆ. ಗೋಪುರದ ಬುಡದಿಂದ ಪಡುವಣಕ್ಕೆ ಹುಲ್ಲಿನ ಇಳಿಜಾರು. ಬೇಸಿಗೆಯ ಸಂಜೆ ಅಲ್ಲಿ ಕುಳಿತರೆ ಸೂರ್ಯ ಕಣಿವೆಯಾಚೆಯ ಗುಡ್ಡದ ಹಿಂದೆ ಇಳಿಯುವುದನ್ನು ನೋಡಬಹುದು.

ಅರ್ಜಿ ಹಾಕಬೇಕೆಂದಿರುವ ಮಕ್ಕಳು ತಂದೆತಾಯಿಗಳೊಡನೆ ಬೇಸಿಗೆಯ ರಜೆಯಲ್ಲಿ ಬಂದು ನೋಡುವುದು ಈ ಇಥಾಕವನ್ನೇ. ವಿದ್ಯಾರ್ಥಿಯೊಬ್ಬ ಮುಂದೆ ನಡೆದು ಕಟ್ಟಡಗಳನ್ನು ಪರಿಚಯಿಸುತ್ತಾನೆ, ಗಂಟೆಗಳು ನುಡಿಯುತ್ತವೆ, ವಿದ್ಯಾಲಯದ ಡೈರಿಯಲ್ಲೇ ತಯಾರಾದ ಐಸ್‌ಕ್ರೀಮು ಕೈಗೆ ಬರುತ್ತದೆ. ಅಷ್ಟರಲ್ಲಿ ಹುಡುಗನೋ ಹುಡುಗಿಯೋ ಮನಸ್ಸಿನಲ್ಲಿಯೇ ಅಲ್ಲೊಂದು ಕೋಣೆ ಹಿಡಿದು, ಪುಸ್ತಕ ಜೋಡಿಸಿ ಆಗಿರುತ್ತದೆ. ಕಾಲೇಜಿನ ಮೇಲಿನ ಪ್ರೀತಿ ಎಂದು ಹೆಸರಿಟ್ಟುಕೊಂಡರೂ, ಎಷ್ಟೋ ವೇಳೆ ಅದು ಒಂದು ಇಳಿಜಾರಿನ ಮೇಲಿನ, ಒಂದು ಸಂಜೆಯ ಬೆಳಕಿನ ಮೇಲಿನ ಪ್ರೀತಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊರಿಗೆ ಈ ಪ್ರೀತಿ ತಿಳಿಯದು.

ಡಿಸೆಂಬರಿನ ಉತ್ತರ

ಅಮೆರಿಕದ ಅನೇಕ ವಿದ್ಯಾಲಯಗಳಲ್ಲಿರುವಂತೆ ಕಾರ್ನೆಲ್ಲಿನಲ್ಲಿಯೂ ‘ಅರ್ಲಿ ಡಿಸಿಷನ್’ ಎಂಬ ಪದ್ಧತಿಯಿದೆ. ನವೆಂಬರ್ ಮೊದಲಲ್ಲಿ ಅರ್ಜಿ ಹೋಗಬೇಕು. ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ. ಈ ಬೇಗನೆಯ ಉತ್ತರಕ್ಕೆ ಬೆಲೆಯೂ ಉಂಟು. ಸೀಟು ಕೊಟ್ಟರೆ ತಪ್ಪದೆ ಸೇರುತ್ತೇನೆ, ಬೇರೆಡೆಯ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳುತ್ತೇನೆ ಎಂಬ ವಾಗ್ದಾನಕ್ಕೆ ವಿದ್ಯಾರ್ಥಿ, ತಂದೆತಾಯಿ, ಶಾಲೆಯ ಸಲಹೆಗಾರರು ಮೂವರೂ ಸಹಿ ಹಾಕಬೇಕು. ಓದಿಸಲು ಸಾಕಾಗುವಷ್ಟು ಹಣದ ನೆರವು ಸಿಗಲಿಲ್ಲವೆಂದರೆ ಮಾತ್ರ ಆ ವಾಗ್ದಾನದಿಂದ ಬಿಡುಗಡೆ. ನಾಲ್ಕು ಕಡೆಯ ನೆರವನ್ನು ತೂಗಿನೋಡಬೇಕಾದ ಸಾಮಾನ್ಯ ಸಂಸಾರಕ್ಕೆ ಇಂಥ ಪದ್ಧತಿ ಅನುಕೂಲವಲ್ಲ ಎಂಬ ಟೀಕೆ ಬಹುಕಾಲದಿಂದಲೂ ಇದೆ. ಬೇಗನೆಯ ಅರ್ಜಿ ಉಳ್ಳವರಿಗೇ ಅನುಕೂಲವೆಂಬ ಕಾರಣದಿಂದ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳು ತಮ್ಮಲ್ಲಿದ್ದ ಅವಧಿಪೂರ್ವ ಪ್ರವೇಶವನ್ನು ಕೈಬಿಡುವುದಾಗಿ 2006ರಲ್ಲಿ ಸಾರಿ, 2011ರಲ್ಲಿ ಮತ್ತೆ ಆರಂಭಿಸಿದವು.

ಉತ್ತರ ಮೂರು ಬಗೆಯಾಗಿ ಬರಬಹುದು. ಮೊದಲನೆಯದು ಪ್ರವೇಶ, ಎರಡನೆಯದು ನಿರಾಕರಣೆ, ಮೂರನೆಯದು ಮುಂದೂಡಿಕೆ. ಮುಂದೂಡಿದ ಅರ್ಜಿಯನ್ನು ಜನವರಿಯ ಮೊದಲಲ್ಲಿ ಬರುವ ಸಾಮಾನ್ಯ ಅರ್ಜಿಗಳ ರಾಶಿಯೊಡನೆ ಸೇರಿಸಿ ಮತ್ತೊಮ್ಮೆ ಓದುತ್ತಾರೆ. ಮಾರ್ಚ್ ಕೊನೆಯ ಹೊತ್ತಿಗೆ ಅಂತಿಮ ತೀರ್ಮಾನ ತಿಳಿಯುತ್ತದೆ. ಹಿಂದೆ ಅಂಚೆಯ ಲಕೋಟೆ ದಪ್ಪವೋ ತೆಳುವೋ ಎಂಬುದರಿಂದಲೇ ಮನೆಯವರು ಭವಿಷ್ಯವನ್ನು ಊಹಿಸುತ್ತಿದ್ದರು. ಈಗ ಗೊತ್ತಾದ ದಿನ, ಗೊತ್ತಾದ ಗಳಿಗೆಗೆ ಪರದೆಯ ಮೇಲೆ ಪತ್ರ ತೆರೆದುಕೊಳ್ಳುತ್ತದೆ. ಇಥಾಕದಲ್ಲಿ ಚಳಿಗಾಲದ ಸಂಜೆ 7 ಗಂಟೆಯೆಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 5-30. ಒಂದು ಕಡೆ ದೀಪ ಹಚ್ಚುವ ಹೊತ್ತು. ಇನ್ನೊಂದು ಕಡೆ ಹಾಲಿನವನು ಬರುವ ಹೊತ್ತು.

ಭಾರತದಿಂದ ಅರ್ಜಿ ಹಾಕುವವರೂ, ಅಮೆರಿಕದಲ್ಲಿ ನೆಲೆಸಿದ ಭಾರತೀಯ ಸಂಸಾರಗಳ ಮಕ್ಕಳೂ ಕಾರ್ನೆಲ್ಲಿಗೆ ಹೊಸಬರಲ್ಲ. ಅಲ್ಲಿ ವಾಸ್ತುಶಿಲ್ಪವನ್ನು ಓದಿ 1962ರಲ್ಲಿ ಪದವೀಧರರಾದ ರತನ್ ಟಾಟಾ ಅವರ ನೇತೃತ್ವದಲ್ಲಿ ಟಾಟಾ ದತ್ತಿಯಿಂದ 2008ರಲ್ಲಿ ಐದು ಕೋಟಿ ಡಾಲರು ಆ ವಿದ್ಯಾಪೀಠಕ್ಕೆ ಸಂದಿತು. ಅದರಲ್ಲೊಂದು ಭಾಗ ಭಾರತೀಯ ವಿದ್ಯಾರ್ಥಿಗಳ ವೇತನಕ್ಕೆ ಮೀಸಲು. ಆದರೆ ಅಂಕಪಟ್ಟಿ, ರ್‍ಯಾಂಕು, ಸೀಟು ಎಂಬ ಕ್ರಮವನ್ನೇ ಬಲ್ಲ ಕರ್ನಾಟಕದ ಬಂಧುಬಳಗಕ್ಕೆ ಮುಂದೂಡಿಕೆಯನ್ನು ವಿವರಿಸುವುದು ಸುಲಭವಲ್ಲ. “ಮಗೂಗೆ ಸೀಟು ಸಿಕ್ಕಿತೇನೆ?” ಎಂದು ಅಜ್ಜಿ ಮೈಸೂರಿನಿಂದ ಕೇಳಿದರೆ ಮಗಳು ಏನು ಹೇಳಬೇಕು? “ಸಿಕ್ಕಿಲ್ಲಮ್ಮ. ಇಲ್ಲ ಅಂತಲೂ ಹೇಳಿಲ್ಲ.” ಆ ಕಡೆಯಿಂದ ಒಂದು ಕ್ಷಣ ಮೌನ. “ಹಾಗಂದರೆ ಏನು?” ಆ ಪ್ರಶ್ನೆಗೆ ಆ ಮನೆಯಲ್ಲಿಯೂ ಯಾರ ಬಳಿಯೂ ಉತ್ತರವಿರುವುದಿಲ್ಲ.

ಹೊಗೆ ಕಂಡು ಹಿಂದಿರುಗಿದವನು

ಯುಲಿಸೀಸನ ಕಥೆಯಲ್ಲಿ ಒಂದು ಪ್ರಸಂಗವಿದೆ. ಗಾಳಿಗಳ ಒಡೆಯನೊಬ್ಬ ಪ್ರತಿಕೂಲ ಗಾಳಿಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ಅವನಿಗೆ ಕೊಡುತ್ತಾನೆ. ಒಂಬತ್ತು ದಿನ ಹಡಗು ನೆಟ್ಟಗೆ ಸಾಗಿ, ಹತ್ತನೆಯ ದಿನ ಇಥಾಕದಲ್ಲಿ ಜನ ಬೆಂಕಿ ಉರಿಸುವುದು ಕಾಣುವಷ್ಟು ಸಮೀಪಕ್ಕೆ ಬರುತ್ತದೆ. ದಣಿದ ನಾಯಕ ನಿದ್ದೆಹೋಗುತ್ತಾನೆ. ಚೀಲದಲ್ಲಿ ಚಿನ್ನವಿರಬೇಕೆಂದು ಸಂಗಡಿಗರು ಗಂಟು ಬಿಚ್ಚುತ್ತಾರೆ. ಗಾಳಿಗಳು ಹೊರನುಗ್ಗಿ ಹಡಗನ್ನು ಹೊರಟಲ್ಲಿಗೇ ತಳ್ಳುತ್ತವೆ. ಎಚ್ಚರಗೊಂಡವನು ಕಡಲಿಗೆ ಹಾರಿ ಸಾಯಲೋ, ಮಾತಿಲ್ಲದೆ ಸಹಿಸಿಕೊಂಡು ಬದುಕಿರಲೋ ಎಂದು ಯೋಚಿಸಿ, ಮುಸುಕೆಳೆದುಕೊಂಡು ಹಡಗಿನಲ್ಲಿಯೇ ಮಲಗುತ್ತಾನೆ.

ದಡ ಕಾಣದೆ ಹೋದವನ ದುಃಖಕ್ಕಿಂತ ದಡ ಕಂಡು ಹಿಂದಿರುಗಿದವನ ದುಃಖ ಹೆಚ್ಚು. ಮುಂದೂಡಿಕೆಯ ಸಂಕಟವೂ ಇದೇ ಜಾತಿಯದು. ನಿರಾಕರಣೆ ಬಂದರೆ ಅತ್ತು ಮುಗಿಸಬಹುದು. ಮುಂದೂಡಿಕೆ ಆಸೆಯನ್ನೂ ಬಿಡಗೊಡುವುದಿಲ್ಲ, ನೆಮ್ಮದಿಯನ್ನೂ ಕೊಡುವುದಿಲ್ಲ. ಅದೇ ಶಾಲೆಯ ಗೆಳತಿಗೆ ಅದೇ ಸಂಜೆ ಪ್ರವೇಶ ಸಿಕ್ಕಿದ್ದರಂತೂ ಮಾರನೆಯ ದಿನ ತರಗತಿಗೆ ಹೋಗುವುದೇ ಒಂದು ಸಾಹಸ. ಮಹಾವೀರನೇ ಮುಸುಕೆಳೆದು ಮಲಗಿದನೆಂದ ಮೇಲೆ ಹದಿನೇಳರ ಮಗು ಒಂದೆರಡು ದಿನ ಬಾಗಿಲು ಹಾಕಿಕೊಂಡು ಕುಳಿತರೆ ಹಿರಿಯರು ಗಾಬರಿಯಾಗಬೇಕಿಲ್ಲ. ಆಗ ಬೇಕಾದುದು ಬುದ್ಧಿಮಾತಲ್ಲ, ಊಟಕ್ಕೆ ಕರೆಯುವ ಒಂದು ದನಿ. ಆದರೆ ದಿನಗಳು ಕಳೆದರೂ ಮುಸುಕು ಸರಿಯದಿದ್ದರೆ, ಬದುಕೇ ಸಾಕೆಂಬ ಮಾತು ಬಂದರೆ, ಅದನ್ನು ಹಗುರವಾಗಿ ಎಣಿಸದೆ ಕೂಡಲೇ ವೈದ್ಯರ ನೆರವು ಪಡೆಯಬೇಕು.

ಮುಸುಕು ಸರಿದ ಮೇಲೆ ಕಾಣಬೇಕಾದ ಸಂಗತಿಯೊಂದಿದೆ. ಮುಂದೂಡಿಕೆಯ ಪತ್ರ ಬಂದ ಕ್ಷಣದಲ್ಲಿಯೇ ಹಿಂದಿನ ವಾಗ್ದಾನ ಕಳಚಿಬೀಳುತ್ತದೆ. ಮಾರ್ಚಿಯಲ್ಲಿ ಕಾರ್ನೆಲ್ ಕರೆದರೂ ಹೋಗಲೇಬೇಕೆಂಬ ಕಟ್ಟಿಲ್ಲ. ಅಷ್ಟರಲ್ಲಿ ಬೇರೆ ವಿದ್ಯಾಲಯಗಳಿಂದ ಬಂದ ಕರೆಗಳನ್ನೂ ನೆರವುಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಮೇ ಮೊದಲ ದಿನದವರೆಗೆ ಯೋಚಿಸುವ ಹಕ್ಕು ಅರ್ಜಿದಾರನದಾಗುತ್ತದೆ. ನವೆಂಬರಿನಲ್ಲಿ ಊರನ್ನು ಆರಿಸಿ ತನ್ನನ್ನು ಅದಕ್ಕೆ ಒಪ್ಪಿಸಿಬಿಟ್ಟಿದ್ದವನು, ಈಗ ಮತ್ತೆ ಆರಿಸಬಲ್ಲವನಾಗುತ್ತಾನೆ. ನೋವಿನಲ್ಲಿ ಬಹುಮಂದಿಗೆ ಇದು ಕಾಣುವುದೇ ಇಲ್ಲ.

ಊರಿನ ಹಳೆಯ ಕಥೆಗಳು

ಇಥಾಕದ ಚರಿತ್ರೆಯಲ್ಲಿಯೂ ಹೊಸ್ತಿಲಲ್ಲಿ ನಿಂತವರು ಕಡಮೆಯಿಲ್ಲ. ವಿದ್ಯಾಪೀಠವನ್ನು ಕಟ್ಟಿಸಿದ ಎಜ್ರಾ ಕಾರ್ನೆಲ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 1828ರಲ್ಲಿ ಬಡಗಿಯಾಗಿ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದು, ಫಾಲ್ ಕ್ರೀಕಿನ ಹಿಟ್ಟಿನ ಗಿರಣಿಯಲ್ಲಿ ಹಲವು ವರ್ಷ ದುಡಿದರು. ಆ ಕೆಲಸ ತಪ್ಪಿದ ಮೇಲೆ ಹೊಸ ಬಗೆಯ ನೇಗಿಲಿನ ಮಾರಾಟದ ಹಕ್ಕು ಪಡೆದು ದೂರದ ಊರುಗಳನ್ನು ಸುತ್ತಿದರು. ಅದರಲ್ಲಿ ಲಾಭ ಕಾಣಲಿಲ್ಲ. ಆದರೆ ಆ ಅಲೆದಾಟದಲ್ಲಿಯೇ ಮೋರ್ಸರ ತಂತಿ ಹಾಕಿಸಲು ಹೊರಟಿದ್ದವರ ಪರಿಚಯವಾಗಿ, ನೆಲದಲ್ಲಿ ಕೊಳವೆ ಹೂಳುವ ನೇಗಿಲೊಂದನ್ನು 1843ರಲ್ಲಿ ರಚಿಸಿಕೊಟ್ಟರು. ಹೂಳಿದ ತಂತಿ ಕೆಲಸ ಮಾಡಲಿಲ್ಲ. ಬಳಿಕ ಕಂಬಗಳ ಮೇಲೆ ತಂತಿ ಎಳೆದು 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಸಂದೇಶ ಹರಿಯಿತು. ತಂತಿ ಕಂಪನಿಯ ಪಾಲಿನಿಂದ ಬಂದ ಸಂಪತ್ತಿನಲ್ಲಿ ಐದು ಲಕ್ಷ ಡಾಲರನ್ನೂ ಗುಡ್ಡದ ಮೇಲಿನ ತಮ್ಮ ಹೊಲವನ್ನೂ ಕೊಟ್ಟರು. 1865ರಲ್ಲಿ ಸನ್ನದು ಪಡೆದ ವಿಶ್ವವಿದ್ಯಾನಿಲಯ 1868ರ ಅಕ್ಟೋಬರ್ 7ರಂದು ತೆರೆಯಿತು. ಯಾರು ಬೇಕಾದರೂ ಯಾವ ವಿಷಯವನ್ನು ಬೇಕಾದರೂ ಕಲಿಯುವಂತಿರಬೇಕು ಎಂಬುದು ಅವರ ಆಶಯವಾಗಿತ್ತು.

ಆ ಆಶಯ ನಡೆಯಲ್ಲಿ ಇಳಿಯಲು ಕಾಲ ಹಿಡಿಯಿತು. 1870ರಲ್ಲಿ ಜೆನ್ನಿ ಸ್ಪೆನ್ಸರ್ ಎಂಬ ಯುವತಿಗೆ ಪ್ರವೇಶ ದೊರೆಯಿತು. ಆದರೆ ಗುಡ್ಡದ ಮೇಲೆ ಹೆಂಗಸರಿಗೆ ವಸತಿಯಿರಲಿಲ್ಲ. ಕೆಳಗಿನ ಊರಿನಿಂದ ದಿನಕ್ಕೆ ಹಲವು ಬಾರಿ ಆ ಏರನ್ನು ಹತ್ತಿ ಇಳಿಯುವುದು ಚಳಿಗಾಲದಲ್ಲಿ ಅಸಾಧ್ಯವಾಗಿ ಆಕೆ ಓದನ್ನು ಬಿಡಬೇಕಾಯಿತು. ಹೆನ್ರಿ ಸೇಜ್ ಎಂಬ ಶ್ರೀಮಂತರ ದಾನದಿಂದ ಸ್ತ್ರೀಯರ ವಸತಿ ಸಿದ್ಧವಾದುದು ಆ ಬಳಿಕ. ಬಾಗಿಲು ತೆರೆದಿದ್ದೂ ಒಳಗೆ ಉಳಿಯಲು ಆಗದ ಆ ತರುಣಿಯ ನೋವಿನ ಮುಂದೆ, ಇನ್ನೂ ಮುಚ್ಚದ ಬಾಗಿಲ ಮುಂದೆ ಮೂರು ತಿಂಗಳು ಕಾಯುವವರ ನೋವು ಕಿರಿದೆಂದು ಹೇಳಲಾಗದು. ನೋವನ್ನು ತಕ್ಕಡಿಯಲ್ಲಿಟ್ಟು ಹೋಲಿಸುವುದು ನ್ಯಾಯವಲ್ಲ. ಆದರೆ ಕಾಯುವವನಿಗೆ ತಾನೊಬ್ಬನೇ ಕಾಯುತ್ತಿಲ್ಲವೆಂದು ತಿಳಿದರೆ ಕೊಂಚ ಧೈರ್ಯ ಬರುವುದುಂಟು.

ಊರಿನ ಪೇಟೆಯ ನಡುವೆ, ಕಾಲ್ನಡೆಗೆಂದೇ ಬಿಟ್ಟ ಬೀದಿಯಲ್ಲಿ, ಸೂರ್ಯನ ಹೆಸರಿನ ಕಲ್ಲಿನ ಕಂಬವೊಂದು ನಿಂತಿದೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ನರ ನೆನಪಿಗಾಗಿ 1997ರಲ್ಲಿ ರಚಿಸಿದ ಗ್ರಹಗಳ ಹಾದಿಯ ಆರಂಭ ಅದು. ಸೌರವ್ಯೂಹವನ್ನು ಐನೂರು ಕೋಟಿಯಲ್ಲೊಂದು ಪಾಲಿಗೆ ಕುಗ್ಗಿಸಿದ ಈ ಹಾದಿಯಲ್ಲಿ ಸೂರ್ಯನಿಂದ ಭೂಮಿಗೆ ಸುಮಾರು 30 ಮೀಟರ್. ಪ್ಲೂಟೋವನ್ನು ಸೇರಲು ಒಂದು ಕಿಲೋಮೀಟರಿಗೂ ಮಿಕ್ಕಿ ನಡೆಯಬೇಕು. ಅದೇ ಲೆಕ್ಕದಲ್ಲಿ ಅತಿ ಸಮೀಪದ ನಕ್ಷತ್ರಮಂಡಲವನ್ನು ಗುರುತಿಸಲು ಹವಾಯಿ ದ್ವೀಪದವರೆಗೆ ಹೋಗಬೇಕಾಯಿತು! ಸೇಗನ್ನರು ಮೊದಲು ಹಾರ್ವರ್ಡಿನಲ್ಲಿ ಅಧ್ಯಾಪಕರಾಗಿದ್ದವರು. ಅಲ್ಲಿ ಖಾಯಂ ಹುದ್ದೆ ದೊರೆಯದೆ ಹೋದುದರಿಂದ 1968ರಲ್ಲಿ ಕಾರ್ನೆಲ್ಲಿಗೆ ಬಂದು, 1996ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಪಾಠ ಹೇಳಿದರು. ಇಂದು ಸಾವಿರಾರು ಮಕ್ಕಳಿಗೆ ಮೊದಲ ಆಯ್ಕೆಯಾದ ಊರು, ಆ ಮಹನೀಯರಿಗೆ ಇನ್ನೊಂದು ಕಡೆ ಬಾಗಿಲು ಮುಚ್ಚಿದ ಮೇಲೆ ದೊರೆತ ಊರು.

ಮೂರು ತಿಂಗಳ ಕೆಲಸ

ಡಿಸೆಂಬರಿನಿಂದ ಮಾರ್ಚಿಯವರೆಗೆ ಇಥಾಕ ಹಿಮದ ಹೊದಿಕೆಯಲ್ಲಿರುತ್ತದೆ. ಬೇಸಿಗೆಯಲ್ಲಿ ಕಂಡ ಹಸಿರು ಇಳಿಜಾರು ಬೆಳ್ಳಗಾಗಿರುತ್ತದೆ. ಜಲಪಾತಗಳ ಅಂಚಿನಲ್ಲಿ ನೀರು ಹೆಪ್ಪುಗಟ್ಟಿ ಜಡೆಗಳಂತೆ ನೇತಾಡುತ್ತದೆ. ಒಳಗೆ ಮಾತ್ರ ಹರಿವು ನಿಲ್ಲುವುದಿಲ್ಲ. ಕಂದರದೊಳಗಿನ ಕಾಲುಹಾದಿಗಳನ್ನು ಜಾರಿ ಬಿದ್ದಾರೆಂಬ ಭಯದಿಂದ ಚಳಿಗಾಲ ಮುಗಿಯುವ ತನಕ ಮುಚ್ಚಿಡುತ್ತಾರೆ.

ಈ ಅವಧಿಯಲ್ಲಿ ಅರ್ಜಿದಾರ ಮಾಡಬಹುದಾದ ಕೆಲಸ ಹೆಚ್ಚೇನೂ ಇಲ್ಲ. ಇರುವುದನ್ನು ಅಚ್ಚುಕಟ್ಟಾಗಿ ಮಾಡಬೇಕು. ಎಲ್ಲಕ್ಕೂ ಮೊದಲು ಬೇರೆ ವಿದ್ಯಾಲಯಗಳ ಅರ್ಜಿಗಳು. ಅವುಗಳ ಗಡುವು ಬಹುತೇಕ ಜನವರಿಯ ಮೊದಲ ದಿನಗಳಲ್ಲಿಯೇ ಬೀಳುವುದರಿಂದ, ದುಃಖಕ್ಕೆ ಸಿಗುವ ರಜೆ ಎರಡು ವಾರಕ್ಕಿಂತ ಕಡಮೆ. ಆ ಅರ್ಜಿಗಳನ್ನು ಉಳಿದ ಚೂರುಪಾರುಗಳಂತೆ ಗೀಚಿ ಕಳಿಸಿದರೆ ಓದುವವರಿಗೆ ತಿಳಿಯದೆ ಇರದು. ಎರಡನೆಯದು ಶಾಲೆಯ ಓದು. ಮಧ್ಯವರ್ಷದ ಅಂಕಗಳನ್ನು ಶಾಲೆ ಕಳಿಸುತ್ತದೆ. ಮುಂದೂಡಿದ ಅರ್ಜಿಯನ್ನು ಮತ್ತೆ ತೆರೆದಾಗ ಕಣ್ಣಿಗೆ ಬೀಳುವ ಹೊಸ ಕಾಗದ ಅದೇ. ಮೂರನೆಯದು ಒಂದು ಪತ್ರ. ನಿಮ್ಮಲ್ಲಿ ಓದುವ ಇಚ್ಛೆ ಹಾಗೆಯೇ ಇದೆ, ನವೆಂಬರಿನಿಂದೀಚೆಗೆ ಇಂತಿಂಥ ಕೆಲಸ ಮಾಡಿದ್ದೇನೆ ಎಂದು ಒಂದು ಪುಟ ಮೀರದಂತೆ, ವಿದ್ಯಾಲಯ ಹೇಳಿದ ದಾರಿಯಲ್ಲಿಯೇ ಕಳಿಸಬೇಕು. ಅದರಲ್ಲಿ ದೂರು, ಅಂಗಲಾಚುವಿಕೆ, ಜಂಬ ಮೂರೂ ಸಲ್ಲವು. ದಿನಕ್ಕೊಂದು ಪತ್ರ ಬರೆಯುವುದು, ತಂದೆಯೇ ಫೋನು ಮಾಡಿ ಕಾರಣ ಕೇಳುವುದು, ಪ್ರಭಾವಶಾಲಿಗಳಿಂದ ಶಿಫಾರಸು ಹಾಕಿಸುವುದು ಇವುಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಸತ್ಯವನ್ನೂ ಮುಚ್ಚಿಡಬಾರದು. ಇಂಥ ಬಿಗಿ ಆಯ್ಕೆಯ ವಿದ್ಯಾಲಯಗಳಲ್ಲಿ ಮುಂದೂಡಿದವರ ಪೈಕಿ ಕೊನೆಗೆ ಕರೆ ಬರುವುದು ಕೆಲವರಿಗೆ ಮಾತ್ರ. ಆಸೆಯನ್ನು ಇಟ್ಟುಕೊಳ್ಳಬಹುದು, ಅದರ ಮೇಲೆ ಮನೆ ಕಟ್ಟಬಾರದು. ಬೇರೆ ಕಾಲೇಜಿನಲ್ಲಿ ಒಂದೆರಡು ವರ್ಷ ಓದಿ ವರ್ಗವಾಗಿ ಬರುವ ದಾರಿ ಕಾರ್ನೆಲ್ಲಿನಲ್ಲಿದೆ. ಪದವಿಯ ಬಳಿಕ ಹೆಚ್ಚಿನ ವ್ಯಾಸಂಗಕ್ಕೆ ಬರುವವರೂ ಅನೇಕರು. ಇದಕ್ಕಿಂತ ಸಾಮಾನ್ಯವಾದ ಇನ್ನೊಂದು ಸಂಗತಿ ಉಂಟು. ಬೇರೆ ಊರಿಗೆ ಹೋದ ಮಗು ಅಲ್ಲಿಯ ಗ್ರಂಥಾಲಯದಲ್ಲಿ ತನಗೊಂದು ಮೂಲೆ ಹುಡುಕಿಕೊಂಡು, ಅಲ್ಲಿಯ ಒಬ್ಬ ಗುರುವಿಗೆ ಒಲಿದು, ಮುಂದಿನ ಡಿಸೆಂಬರ್ ಬಂದುದನ್ನು ಗಮನಿಸದೆಯೇ ಕಳೆದುಬಿಡುತ್ತದೆ.

ಮಾರ್ಚ್ ಮುಗಿಯುವ ವೇಳೆಗೆ ಬೆರಳು ಸರೋವರಗಳ ಸೀಮೆಯಲ್ಲಿ ಹಿಮ ಕರಗತೊಡಗುತ್ತದೆ. ಹಳ್ಳಗಳು ಕೆಂಪಾಗಿ ಉಬ್ಬಿ ಹರಿಯುತ್ತವೆ. ಟಗ್ಯಾನಕ್ಕಿನ ಮೊರೆತ ದೂರಕ್ಕೆ ಕೇಳುತ್ತದೆ. ವಿದ್ಯಾಪೀಠದ ಕೊನೆಯ ಉತ್ತರಗಳು ಹೊರಡುವುದೂ ಅದೇ ದಿನಗಳಲ್ಲಿ. ಅನಂತರ ಕಂದರದ ಹಾದಿಗಳನ್ನು ಮತ್ತೆ ತೆರೆಯುತ್ತಾರೆ. ಜಲಪಾತದ ಬುಡದವರೆಗೆ ನಡೆದುಹೋಗಲು ಅರ್ಜಿ ಬೇಕಿಲ್ಲ. ಕರೆ ಬಂದವರೂ ಬಾರದವರೂ ಅಲ್ಲಿ ಒಂದೇ ಕಲ್ಲಿನ ಮೇಲೆ ಕುಳಿತು ಕಾಲಿಗೆ ತುಂತುರು ಬೀಳಿಸಿಕೊಳ್ಳಬಹುದು.